ಹುಳುಮನೆಯ ಪ್ರಾರ್ಥನೆ

ಭಾನುವಾರದ ಸಮಾರಂಭದ ಆಹ್ವಾನ ಪತ್ರಿಕೆಯನ್ನು ದೊಡ್ಡಮುನಿಯಮ್ಮ ಎರಡನೇ ಸಲ ಪಾಸ್ಟರಿಗೆ ವಾಪಸು ಕೊಟ್ಟಳು. ಮಾಸ್ತಿಗೆ ಹೋಗುವ ಬಸ್ಸಿನಲ್ಲಿ ಅವರ ಹಿಂದೆ ಕೂತಿದ್ದ, ಅವರ ಪರಿಚಯವಿಲ್ಲದ ಅರ್ಪಿತ ಮೊಬೈಲ್ ಕೆಳಗಿಟ್ಟು ಕಿವಿಗೊಟ್ಟಳು.

"ನಲವತ್ತು ಹಳ್ಳೀಲಿ ನಮ್ಮ ಪ್ರಾರ್ಥನಾ ಸಭೆ ಇದೆಯಮ್ಮಾ," ಎಂದರು ದೊಡ್ಡಮುನಿಯಮ್ಮನ ಪಕ್ಕದಲ್ಲಿದ್ದ ಪಾಸ್ಟರ್ ಅಮರನಾಥ್. "ಇನ್ನು ಊರಿಗೊಂದು ಆಗ್ಬೇಕು. ಎಲ್ಲಾ ಶುರುವಾಗಿದ್ದು ನಿಮ್ಮ ರೇಷ್ಮೆಹುಳದ ಮನೇಲಿ."

"ಆವತ್ತು ಯಾರೂ ಜಾಗ ಕೊಡ್ಲಿಲ್ಲ ಅಂತ ಬಂದ್ರಿ. ಕಾಲು ತೊಳ್ಕೊಂಡು ಒಳಗೆ ಬನ್ನಿ, ಹುಳ ಮೇಯ್ತಿವೆ, ಗಲಾಟೆ ಬೇಡ ಅಂದೆ."

"ಏಳೇ ಜನ. ಪಿಸುದನೀಲಿ ಪ್ರಾರ್ಥನೆ ಮಾಡಿದ್ವಿ."

"ನಿಮಗಿಂತ ಹುಳದ ಸದ್ದೇ ಜೋರಿತ್ತು ಕಣಪ್ಪ."

"ಅದನ್ನೇ ಭಾನುವಾರ ಸ್ಟೇಜ್ ಮೇಲೆ ಹೇಳಿ. ಸಾವಿರ ಜನ ಸೇರ್ತಾರೆ. ನೀವು ಹೇಳದಿದ್ರೆ ಹೊಸಬರಿಗೆ ಆ ದಿನ ಹೇಗಿತ್ತು ಅಂತ ಗೊತ್ತೇ ಆಗಲ್ಲ."

ಬಸ್ಸು ನಿಂತಿತು. ದೊಡ್ಡಮುನಿಯಮ್ಮ ಎದ್ದಳು.

"ಗೊತ್ತಾಗ್ಬೇಕಾದ್ರೆ ಕಾಲು ತೊಳ್ಕೊಂಡು ಮನೆಗೆ ಬರ್ಲಿ. ಮೈಕ್ ನಾನು ಹಿಡಿಯಲ್ಲ."