ಮಗಳಿಲ್ಲದ ಮನುಷ್ಯನ ಫೋನು

ಅಧ್ಯಕ್ಷತೆ ವಹಿಸಿರುವ ನಮ್ಮ ಸಂಪಾದಕಿ ಯಿ ಮೋನ್ ಅವರೇ, ಅರ್ಧ ದಿನ ವ್ಯಾಪಾರ ಬಿಟ್ಟು ಈ ನೂಡಲ್ಸ್ ಅಂಗಡಿಯನ್ನೇ ಹಾಲ್ ಮಾಡಿಕೊಟ್ಟ ಮಾಲೀಕರೇ, ದೇಶ ಬಿಟ್ಟರೂ ಮುಂದಿನ ಸಾಲು ಬಿಡದ ಹಿರಿಯ ಪತ್ರಕರ್ತರೇ, ಸಭಿಕರೇ,

ನಾನು ನ್ವೆ ಊ. ಪತ್ರಿಕೋದ್ಯಮ ಫಸ್ಟ್ ಇಯರ್, ಈ ಪತ್ರಿಕೆಯ ಅತಿ ಕಿರಿಯ ವರದಿಗಾರ್ತಿ. ಬರೆದುಕೊಂಡು ಬಂದ ಭಾಷಣ ಬೆಳಿಗ್ಗೆ ಒಂಬತ್ತಕ್ಕೇ ಹಾಳಾಯಿತು.

ಗಡಿಯ ಈಚೆಯ ಈ ಮೇ ಸೋಟ್ ಊರಿನಲ್ಲಿ ಕೂತು ಬರ್ಮಾದ ಸುದ್ದಿ ಬರೆಯುವ ನಮ್ಮ ಪತ್ರಿಕೆಗೆ ಇಂದು ನಾಲ್ಕು ವರ್ಷ. ವರ್ಷದ ಅತ್ಯುತ್ತಮ ಸುದ್ದಿಮೂಲ ಪ್ರಶಸ್ತಿ 'ಈರುಳ್ಳಿ' ಎಂಬ ಗುಪ್ತನಾಮದವರಿಗೆ. ಅವರ ಪರವಾಗಿ ನಾನು ಸ್ವೀಕರಿಸಬೇಕಿತ್ತು. ಯಾರೀ ಈರುಳ್ಳಿ?

ಹೋದ ವರ್ಷ ನಾನು ಸೈನ್ಯದ ಕಣ್ಣು ತಪ್ಪಿಸಿ ಇಲ್ಲಿಗೆ ಓಡಿಬಂದ ತಿಂಗಳಲ್ಲೇ ಅಪ್ಪ ಸರ್ಕಾರಿ ಪೇಪರಿನಲ್ಲಿ ನೋಟಿಸ್ ಹಾಕಿಸಿದರು: 'ಇವಳು ನನ್ನ ಮಗಳಲ್ಲ.' ನಿಮ್ಮಲ್ಲಿ ಯಾರ ಅಪ್ಪ ಹಾಕಿಸಿಲ್ಲ, ಕೈ ಎತ್ತಿ! ನೋಡಿ, ಮೂರೇ ಕೈ. ಹಾಕಿಸದಿದ್ದರೆ ಮನೆಗೆ ಸೈನ್ಯದ ಬೀಗ, ಗೊತ್ತು. ಗೊತ್ತಿದ್ದೂ ಎರಡು ವಾರ ಹಾಸ್ಟೆಲ್ ದಿಂಬಿಗೆ ಮುಖ ಒತ್ತಿ ಅತ್ತೆ.

ಮೂರನೇ ವಾರ ಫೋನ್. ಅಪ್ಪನದೇ ದನಿ.

'ಯಾರಮ್ಮಾ ನೀನು? ನನಗೆ ಮಗಳಿಲ್ಲ. ರಾಂಗ್ ನಂಬರ್ ಇರ್ಬೇಕು. ಅದಿರ್ಲಿ, ಮಾರ್ಕೆಟ್‌ಗೆ ಬೆಂಕಿ ಬಿದ್ದಿದ್ದು ಕರೆಂಟಿಂದ ಅಂತ ಬರ್ದಿದೀಯಲ್ಲ, ತಲೆ ಇದ್ಯಾ? ಆವತ್ತು ಕರೆಂಟೇ ಇರ್ಲಿಲ್ಲ!'

'ತಾವು ಯಾರು ಸಾರ್?'

'ಈರುಳ್ಳಿ ವ್ಯಾಪಾರಿ. ಊಟ ಆಯ್ತಾ ಅಂತ ಕೇಳಲ್ಲ, ಸಂಬಂಧ ಇಲ್ಲ ನೋಡು. ಆದ್ರೂ ಮಾಡು.'

ವಾರಕ್ಕೊಂದು ರಾಂಗ್ ನಂಬರ್! ಯಿ ಮೋನ್ ಅಕ್ಕನ ನಿಯಮ ನಿಮಗೆ ಗೊತ್ತಲ್ಲ: ಒಬ್ಬರು ಹೇಳಿದರೆ ಗಾಳಿಮಾತು, ಇಬ್ಬರು ಹೇಳಿದರೆ ಸುದ್ದಿ. ಈರುಳ್ಳಿಯ ಪ್ರತಿ ಮಾತಿಗೂ ಎರಡನೇ ಮೂಲ ಹುಡುಕಿದೆವು. ಒಂದೂ ಸುಳ್ಳಾಗಲಿಲ್ಲ.

ಹೋದ ವಾರ ಅಪ್ಪನ ಅಂಗಡಿಗೆ ಸೈನಿಕರು ನುಗ್ಗಿದರು. ಆಮೇಲೆ ಆರು ದಿನ ಫೋನಿಲ್ಲ. ಆ ಆರು ದಿನದ ಬಗ್ಗೆ ನಾನು ಭಾಷಣ ಮಾಡಲಾರೆ.

ಇಂದು ಬೆಳಿಗ್ಗೆ ಒಂಬತ್ತಕ್ಕೆ ಆಫೀಸಿನ ಮೆಟ್ಟಿಲ ಮೇಲೆ ಒಬ್ಬರು, ಗಡಿಯ ಹೊಳೆ ದಾಟಿ ಒದ್ದೆಯಾದ ಲುಂಗಿ ಹಿಂಡುತ್ತಾ, 'ಎಲ್ಲಮ್ಮಾ ನಿಮ್ಮ ಸಂಪಾದಕರು? ಪೇಪರಲ್ಲಿ ಹೇಳಿದ್ದು ಪೇಪರಲ್ಲೇ ವಾಪಸ್ ತಗೋಬೇಕು. ಇವಳು ನನ್ನ ಮಗಳು, ಹಾಕಿ!' ಎಂದು ಕೂಗುತ್ತಿದ್ದರು.

ಅಕ್ಕ ಕನ್ನಡಕ ಏರಿಸಿ ಕೇಳಿದರು: 'ಎರಡನೇ ಮೂಲ ಯಾರು?'

ಸಭಿಕರೇ, ಮೂರನೇ ಸಾಲು ನೋಡಿ. ಗಂಡಸಿನ ತೇಜಸ್ಸು ಕುಗ್ಗುತ್ತದೆಂದು ಹೆಂಗಸರ ಲುಂಗಿ ಒಣಹಾಕಿದ ಹಗ್ಗದ ಕೆಳಗೂ ಹಾದುಹೋಗದ ಮನುಷ್ಯ, ನನ್ನ ಗುಲಾಬಿ ಹೂವಿನ ಲುಂಗಿ ಉಟ್ಟು ಕೂತಿದ್ದಾರೆ!

ಸಂಪಾದಕರೇ, ಬರೆದುಕೊಳ್ಳಿ. ಅವರು ನನ್ನ ಅಪ್ಪ. ಒಬ್ಬರು ಬೆಳಿಗ್ಗೆ ಹೇಳಿದರು, ಇನ್ನೊಬ್ಬಳು ನಾನು, ಈಗ ಹೇಳುತ್ತಿದ್ದೇನೆ. ಇಬ್ಬರಾಯಿತು. ಹಾಕಿ.

ಕೇಳಿದ ನಿಮಗೆಲ್ಲ ಧನ್ಯವಾದ. ಅಪ್ಪಾ, ಊಟ ಮಾಡಿಕೊಂಡೇ ಹೋಗೋಣ. ನಮಸ್ಕಾರ.