ಉಳಿದಿರುವ ಒಂದು ತಿಪ್ಪೆ

ವೇದಿಕೆಯ ಮೇಲಿರುವ ಅಧ್ಯಕ್ಷ ಹೊನ್ನಪ್ಪನವರೇ, ಬಹುಮಾನ ಹೊತ್ತು ತಂದಿರುವ ಅತಿಥಿಗಳೇ, ಊಟದ ವಾಸನೆಗೆ ಮೂಗರಳಿಸಿ ಕೂತಿರುವ ಸಭಿಕರೇ,

ನಮ್ಮೂರಿನ ತಿಪ್ಪೆಗಳನ್ನೆಲ್ಲ ಬಾಚಿ ಕೆರೆಗೆ ಸುರಿದದ್ದು ಅನ್ಯಾಯ. ಈ ಅನ್ಯಾಯಕ್ಕೇ ಇವತ್ತು ನಮಗೆ ಕಿಕ್ಕೇರಿ ಹೋಬಳಿಯ ‘ಚೊಕ್ಕ ಊರು’ ಬಹುಮಾನ ಬಂದಿದೆ. ಅಧ್ಯಕ್ಷರಿಗೆ ಅಭಿನಂದನೆಗಳು.

ತಿಪ್ಪೆಯಲ್ಲಿ ಏನಿತ್ತು? ಸಗಣಿ, ಕಬ್ಬಿನ ತರಗು, ಒಲೆಯ ಬೂದಿ, ಉದುರಿದ ಹೊಂಗೆ ಎಲೆ. ಎಲ್ಲ ಸತ್ತದ್ದೇ. ಸತ್ತದ್ದನ್ನು ತಿಂದು ಮಣ್ಣು ಮಾಡುವ ಹುಳುಗಳೂ ಕಣ್ಣಿಗೆ ಕಾಣದ ಜೀವಗಳೂ ಅಲ್ಲಿದ್ದವು. ಅವು ಸಂಬಳ ಕೇಳಲಿಲ್ಲ, ಶಾಲು ಕೇಳಲಿಲ್ಲ, ಭಾಷಣವನ್ನೂ ಮಾಡಲಿಲ್ಲ. ಕೃಷಿ ಇಲಾಖೆಯ ಕರಪತ್ರದಲ್ಲಿ ಓದಿ ನಾನು ಇದನ್ನು ಹೇಳಿದಾಗ ನೀವೆಲ್ಲ ನಕ್ಕಿರಿ. ಈಗ ಯೂರಿಯಾಕ್ಕಾಗಿ ಸೊಸೈಟಿ ಮುಂದೆ ಸಾಲು ನಿಂತಿದ್ದೀರಿ. ಈಗ ನಗಬೇಕಾದವರು ಯಾರು?

ಉಳಿದಿರುವುದು ಒಂದೇ ತಿಪ್ಪೆ, ನಮ್ಮಜ್ಜಿ ಚಿಕ್ಕಬೋರಮ್ಮನದು. ಅತಿಥಿಗಳಿಗೆ ಕಾಣಬಾರದೆಂದು ಅದಕ್ಕೆ ಬಣ್ಣದ ಬಟ್ಟೆ ಹೊದಿಸಿದ್ದಾರೆ. ಬಲಗಡೆ ಅಲಂಕಾರ ಚೆನ್ನಾಗಿದೆ ಎಂದಿರಲ್ಲ ಸಾರ್, ಅದೇ.

ಸೋಮವಾರ ಅದನ್ನೂ ಸಾಗಿಸಲು ಟ್ರಾಕ್ಟರು ಬರುತ್ತದೆ. ಮೊನ್ನೆ ಅಧ್ಯಕ್ಷರೇ ಮನೆಗೆ ಬಂದು, “ಬೋರವ್ವ, ಈ ಗಲೀಜು ತೆಗುಸ್ಬುಡವ್ವ. ಊರ ಮರ್ವಾದೆ ಓಯ್ತದೆ” ಅಂದರು.

ಅಜ್ಜಿ ಸಗಣಿ ಕೈಯನ್ನೂ ಒರೆಸಿಕೊಳ್ಳಲಿಲ್ಲ. “ಗಲೀಜು ಅಂದೇನ್ಲಾ ಹೊನ್ನಪ್ಪ? ಮೂರು ಕೂಸು ಸತ್ತೋದ್ಮ್ಯಾಲೆ ನೀನು ಉಟ್ಟಿದ್ದು. ಇದಾದ್ರೂ ಉಳ್ಕಳ್ಳಿ ಅಂತ ನಿಮ್ಮವ್ವ ನಿನ್ನ ಇದೇ ತಿಪ್ಪೆ ಮ್ಯಾಲೆ ಮನಗ್ಸುದ್ಳು. ಎತ್ಕಂಡವಳು ನಾನು. ಒಂದು ಮೊರ ರಾಗಿ ಕೊಟ್ಟು ನನ್ ತಾವಿಂದ ನಿನ್ನ ಕೊಂಡ್ಕಂಡ್ಳು ಕಣ್ಲಾ! ತಿಪ್ಪೆ ಬ್ಯಾಡ ಅಂದ್ರೆ ರಾಗಿ ವಾಪಸ್ ಕೊಡ್ತೀನಿ, ಬಾ ಮನಿಕೊ!”

ನೀವೆಲ್ಲ ನಗುತ್ತಿದ್ದೀರಿ, ಅಧ್ಯಕ್ಷರು ನಗುತ್ತಿಲ್ಲ. ಅಜ್ಜಿ ತಿಪ್ಪೆಯಿಂದ ಎತ್ತಿಕೊಂಡ ದಿನದಿಂದ ಅವರು ನಮ್ಮ ಮನೆಯ ಮಗ, ನನಗೆ ದೊಡ್ಡಪ್ಪ. ದೀಪಾವಳಿಯಲ್ಲಿ ಆ ತಿಪ್ಪೆಯ ಮೇಲೆ ದೀಪವಿಡಲು ನಾನು ಹೋಗುತ್ತಿದ್ದದ್ದು ಅವರ ಕೈ ಹಿಡಿದೇ. ಗಾಳಿಗೆ ದೀಪ ಆರದಂತೆ ಟವಲು ಅಡ್ಡ ಹಿಡಿಯುತ್ತಿದ್ದರು. ಅದಕ್ಕೇ ನನಗೆ ಇಷ್ಟೊಂದು ಸಿಟ್ಟೋ ಏನೋ. ಇರಲಿ, ವಿಷಯಕ್ಕೆ ಬರುತ್ತೇನೆ.

ಟ್ರಾಕ್ಟರು ಏಳಕ್ಕೆ ಬರುತ್ತದೆ. ನಾವು ಮೊದಲೇ ಅಲ್ಲಿರೋಣ. ಒಬ್ಬೊಬ್ಬರೂ ಮಂಕರಿ ತುಂಬ ಕೊಟ್ಟಿಗೆಯ ಕಸ ತನ್ನಿ. ದೊಡ್ಡಪ್ಪ, ನಿಮ್ಮ ಕೊರಳಿನ ಹಾರ ಅಷ್ಟೊತ್ತಿಗೆ ಬಾಡಿರುತ್ತದೆ. ಎಸೆಯಬೇಡಿ, ನೀವೇ ತಂದು ತಿಪ್ಪೆಯ ಮೇಲೆ ಹಾಕಿ.

ಮೈಕು ಕಿತ್ತುಕೊಳ್ಳದೆ ಕೇಳಿದ್ದಕ್ಕೆ ವಂದನೆಗಳು. ನಮಸ್ಕಾರ. ಸೋಮವಾರ, ಬೆಳಿಗ್ಗೆ ಆರು ಗಂಟೆಗೆ, ಅಜ್ಜಿಯ ತಿಪ್ಪೆಯ ಹತ್ತಿರ.