ನಿಮ್ಮ ಮಗಳು ಊರಲ್ಲಿಲ್ಲದ ಹದಿನೆಂಟನೇ ದಿನ

...ಅಯ್ಯೋ, ಏಳ್ಬೇಡಿ ಅತ್ತೆ, ಕೂತ್ಕೊಳ್ಳಿ! ನೀವು ಎದ್ರೆ ಅವಳಿಗೆ ಎಚ್ಚರ ಆಗುತ್ತೆ. ಎರಡು ದಿನದಿಂದ ಮಗು ನಿದ್ದೆ ಮಾಡಿಲ್ಲ. ಈಗ ಅಜ್ಜಿ ತೊಡೆ ಸಿಕ್ತು, ಮಲಗ್ಲಿ ಪಾಪ. ಆ ಪ್ಲಾಸ್ಟರ್ ಹಾಕಿರೋ ಕೈಯೊಂದು ಜಾರ್ತಾ ಇದೆ ನೋಡಿ, ತಾಳಿ, ದಿಂಬಿನ ಮೇಲೆ ಇಡ್ತೀನಿ... ಬೇಡ್ವಾ? ಸರಿ, ಸರಿ. ನೀವೇ ಇಡಿ. ನಾನು ಮುಟ್ಟಲ್ಲ.

ಎಲ್ಲಿಗೆ ನಿಲ್ಲಿಸಿದ್ದೆ? ಹಾಂ, ಡ್ರೈವರ್. ಕೆಳಗಿನ ಮನೇಲಿರೋ ಡ್ರೈವರ್. ಹೋದ್ಸಲ ನೀವು ಬಂದಾಗ ನಿಮ್ಮ ಟ್ರಂಕು ಹೊತ್ಕೊಂಡು ಬಂದ್ರಲ್ಲ, ದಪ್ಪ ಮೀಸೆ, ಅವ್ರೇ. ಅವ್ರು ಅಂತೆ, ಥೂ! ಅವನು! ಗುರುವಾರ ಸಂಜೆ ಆರು ಗಂಟೆ. ಮಗು ಗೇಟಿನ ಹತ್ರ ಆಡ್ತಾ ಇತ್ತು. ಈ ಮನುಷ್ಯ ಬೈಕ್ ತಗೊಂಡು ಸುಯ್ಯಂತ ಒಳಗೆ ನುಗ್ಗಿದ. ಗುದ್ದಿದ. ಎಡಗೈ ಮುರೀತು. ಅಷ್ಟೇ ಅತ್ತೆ ಕಥೆ. ಇನ್ನು ನಾನು ಬಿಡ್ತೀನಾ? ಹೆತ್ತವನು ನಾನು!

ಮೊದಲು ಮೂಗಿಗೆ. ಕಟಕ್ ಅಂತು. ಆಮೇಲೆ ಬಾಯಿಗೆ. ನೋಡಿ ಈ ಗೆಣ್ಣು, ಇನ್ನೂ ಬಾತ್ಕೊಂಡಿದೆ, ಅವನ ಹಲ್ಲು ಹೊಕ್ಕಿದ್ದು ಇಲ್ಲಿ. ಎರಡು ಹಲ್ಲು ನೆಲಕ್ಕೆ ಬಿತ್ತು, ಅದನ್ನ ಅವನೇ ಬಗ್ಗಿ ನೋಡ್ದ, ಏನೋ ಕಳ್ಕೊಂಡೋರ ಥರ! ಬಗ್ಗಿದವನ ಕಾಲರ್ ಹಿಡಿದು ಗೋಡೆಗೆ... ಒಂದ್ಸಲ, ಎರಡ್ಸಲ, ಮೂರು... ಎಷ್ಟು ಸಲ ಅಂತ ನನಗೇ ಗೊತ್ತಿಲ್ಲ. ಕಿವಿಯಿಂದ ರಕ್ತ ಬಂತು. ಆಮೇಲೆ ಎದೆಗೆ ಒದ್ದೆ. ಮೆಟ್ಟಿಲ ಮೇಲಿಂದ ಉರುಳ್ಕೊಂಡು ಹೋದ, ಹದಿನಾಲ್ಕು ಮೆಟ್ಟಿಲು, ಒಂದೂ ಬಿಡಲಿಲ್ಲ.

ಯಾಕೆ ಹಾಗೆ ಮುಖ ಎತ್ತಿದ್ರಿ? ಗೇಟಿನ ಹತ್ರ ಮೆಟ್ಟಿಲು ಎಲ್ಲಿಂದ ಬಂತು ಅಂತಾನಾ? ಅಯ್ಯೋ ಅದು... ಅವನು ಮೇಲೆ ಬಂದ ಅತ್ತೆ. ಆಮೇಲೆ. ಕ್ಷಮೆ ಕೇಳೋಕೆ. ಅದಕ್ಕೇ ರಕ್ತ ಎಲ್ಲ ನಮ್ಮ ಬಾಗಿಲಲ್ಲಿ. ನೀವು ಬರುವಾಗಲೇ ನೋಡಿದ್ರಿ ಅಂತ ಗೊತ್ತು ನನಗೆ, ದಾಟಿ ಬಂದ್ರಲ್ಲ ಸೀರೆ ಎತ್ತಿ ಹಿಡ್ಕೊಂಡು. ಎಷ್ಟು ಉಜ್ಜಿದ್ರೂ ಹೋಗ್ತಾ ಇಲ್ಲ. ಸೋಪಿನ ಪುಡಿ ಹಾಕ್ದೆ, ಬ್ಲೀಚ್ ಹಾಕ್ದೆ...

ನೀವು ಏನಾದ್ರೂ ಮಾತಾಡಿ ಅತ್ತೆ. ಬೆಳಗ್ಗೆ ಬಸ್ಸಿಳಿದು ಬಂದಾಗಿನಿಂದ ಒಂದು ಮಾತಿಲ್ಲ. ಮಗಳು ಅಷ್ಟು ದೂರ ಇದ್ದಾಳೆ, ಅಳಿಯ ಹೇಗೆ ಸಂಭಾಳಿಸ್ದ ಅಂತ ಕೇಳೋದಿಲ್ವಾ? ಸರಿ, ನಾನೇ ಹೇಳ್ತೀನಿ.

ಆರು ವಾರದ ಟ್ರೈನಿಂಗು, ಮುಗಿಸಿ ಬಂದ್ರೆ ಸೂಪರ್‌ವೈಸರ್. ಹೋಗು ಅಂತ ನಾನೇ ಹೇಳಿದ್ದು. ನಾನೇ! ಬೇಕಾದ್ರೆ ಅವಳನ್ನೇ ಕೇಳಿ. ಹೋಗುವಾಗ ಫ್ರಿಡ್ಜಿನ ಮೇಲೆ ಒಂದು ಪಟ್ಟಿ ಅಂಟಿಸಿ ಹೋದ್ಲು. ಐದಕ್ಕೆ ನೀರು ಹಿಡಿ. ಆರಕ್ಕೆ ಹಾಲು. ಯೂನಿಫಾರ್ಮ್ ಹಿಂದಿನ ದಿನವೇ ಇಸ್ತ್ರಿ. ಎರಡು ಜಡೆ, ಒಂದಲ್ಲ, ಎರಡು. ಅಡಿಗೆರೆ ಬೇರೆ ಎಳೆದಿದ್ದಾಳೆ! ನಾನು ಲಿಫ್ಟ್ ರಿಪೇರಿ ಮಾಡೋನು ಅತ್ತೆ, ಹನ್ನೆರಡು ಮಹಡಿಯ ತಂತಿ ಬಿಗಿ ಮಾಡೋ ಕೈ ಇದು, ಆ ಕೂದಲಿನ ಮುಂದೆ ಸೋತುಹೋಯ್ತು. ನಿಮ್ಮಪ್ಪ ಜಡೆ ಹಾಕಿದ್ದಾರೋ ಕೇಬಲ್ ಕಟ್ಟಿದ್ದಾರೋ ಅಂತ ಟೀಚರ್ ನಕ್ಕರಂತೆ. ಮಗು ಬಂದು ಹೇಳಿ ಬಿದ್ದು ಬಿದ್ದು ನಕ್ತು. ನಾನೂ ನಕ್ಕೆ. ಚೆನ್ನಾಗಿದ್ವಿ ಅತ್ತೆ ನಾವಿಬ್ರು. ಮೊದಲ ವಾರ ತುಂಬಾ ಚೆನ್ನಾಗಿದ್ವಿ.

ಆಮೇಲೆ ಹಾಲು ಉಕ್ಕೋದು, ಸಿಂಕು ಕಟ್ಟಿಕೊಳ್ಳೋದು, ಒಂದು ಕಾಲುಚೀಲ ಸಿಕ್ರೆ ಇನ್ನೊಂದಿಲ್ಲ. ಮನೆಗೆ ಬಂದ್ರೆ ಪಾತ್ರೆ, ಪಾತ್ರೆ ಮುಗಿದ್ರೆ ಹೋಂವರ್ಕು, ಹೋಂವರ್ಕು ಮುಗಿದ್ರೆ ಬಟ್ಟೆ. ಬಟ್ಟೆ! ಎಷ್ಟು ಬಟ್ಟೆ ಅತ್ತೆ ಎರಡು ಜನಕ್ಕೆ! ಇಷ್ಟರ ನಡುವೆ ನನ್ನ ಗ್ಲೈಡರ್, ಎಂಜಿನ್ ಇಲ್ದೆ ಗಾಳೀಲಿ ತೇಲೋ ವಿಮಾನ.

ಹೂಂ, ಅದೇ, ಆ ಮೂಲೇಲಿ ಗುಡ್ಡೆ ಬಿದ್ದಿದೆಯಲ್ಲ, ಆ ಕಡ್ಡಿ, ಆ ಕಾಗದ. ಅದೇ. ಏಳು ತಿಂಗಳು ಮಾಡಿದ್ದೆ. ರೆಕ್ಕೆ ಇಷ್ಟುದ್ದ, ನನ್ನ ಎರಡು ತೋಳು ಚಾಚಿದಷ್ಟು, ಎತ್ತಿದ್ರೆ ಒಂದು ಪತ್ರದಷ್ಟು ತೂಕ ಇಲ್ಲ. ಈರುಳ್ಳಿ ಸಿಪ್ಪೆಗಿಂತ ತೆಳು ಕಾಗದ ಹೊದಿಸಿದ್ದೆ, ಉಸಿರು ಬಿಗಿಹಿಡಿದು ಅಂಟಿಸಿದ್ದು. ನಾಳೆ ಹಾರಿಸೋ ಸ್ಪರ್ಧೆ ಇತ್ತು. ನಿಮಗದು ಆಟದ ಸಾಮಾನು ಅನ್ನಿಸಬಹುದು. ದಿನವಿಡೀ ಆ ಲಿಫ್ಟಿನ ಕತ್ತಲ ಗುಂಡಿಯೊಳಗೆ ಎಣ್ಣೆ ಮೆತ್ತಿಕೊಂಡು ನಿಂತಿರೋನಿಗೆ, ತನ್ನ ಕೈಯಾರೆ ಮಾಡಿದ್ದೊಂದು ಮೇಲೆ ಹಾರುತ್ತೆ ಅಂದ್ರೆ... ಬಿಡಿ. ಗಾಳಿಗೆ ಬಿದ್ದು ಮುರಿದುಹೋಯ್ತು. ಗಾಳಿಗೆ.

ಕಿಟಕಿ ನೋಡ್ತಿದ್ದೀರಾ? ಹೌದು, ಮುಚ್ಚಿದೆ. ಗುರುವಾರ ತೆರೆದಿತ್ತು.

ಅತ್ತೆ, ಹಾಗೆ ಕೂತಿರಬೇಡಿ. ಬೈಯೋದಾದ್ರೂ ಬೈರಿ! ಮಗೂನ ಒಂಟಿಯಾಗಿ ಬಿಟ್ಟೆ ಅಂತ ಬೈರಿ, ಆ ಮನುಷ್ಯನನ್ನ ಆಸ್ಪತ್ರೆ ಸೇರೋ ಹಾಗೆ ಬಡಿದೆ ಅಂತ ಬೈರಿ. ಪೊಲೀಸ್ ಸ್ಟೇಷನ್ನಲ್ಲಿ ಅವನ ಮೇಲೇ ಕಂಪ್ಲೇಂಟ್ ಕೊಟ್ಟು ಬಂದೆ, ಅವನಿನ್ನೂ ಬಾಯಿ ಬಿಟ್ಟಿಲ್ಲ, ದವಡೆಗೆ ತಂತಿ ಹಾಕಿದ್ದಾರೆ. ಬಾಯಿ ಬಿಟ್ರೆ ಏನಂತೆ? ಯಾರು ನಂಬ್ತಾರೆ? ಮಗು ಕೂಡ ಡಾಕ್ಟರ ಹತ್ರ ಬೈಕ್ ಅಂತಲೇ ಹೇಳಿದೆ. ಡಾಕ್ಟರೇನೋ ಎರಡೆರಡು ಸಲ ಕೇಳಿದ್ರು, ಬಿದ್ರೆ ಮೂಳೆ ಹೀಗೆ ಮುರಿಯಲ್ಲ ಅಂತ. ಅವರಿಗೇನು ಗೊತ್ತು? ಚಿಕ್ಕ ಮೂಳೆ ಅತ್ತೆ, ಎಳೆ ಮೂಳೆ, ಅಷ್ಟು ಜೋರಾಗೇನೂ ತಿರುಚಿರಲಿಲ್ಲ, ಸುಮ್ಮನೆ ಹಿಡಿದು ಹೀಗೆ...

...

ಯಾಕೆ ಅವಳನ್ನ ಎಳ್ಕೊಂಡ್ರಿ ಹತ್ರಕ್ಕೆ?

ಬೈಕು ಅಂದೆ ನಾನು. ಬೈಕು ಗುದ್ದಿತು ಅಂತ... ಅತ್ತೆ, ಏನಾದ್ರೂ ಅನ್ನಿ. ನೀವು ಹಾಗೆ ನೋಡ್ತಾ ಕೂತ್ರೆ ನನಗೆ... ದಯವಿಟ್ಟು.

ಅವಳು ಸಹಾಯ ಮಾಡೋಕೆ ಹೋಗಿದ್ಲು.

ಅದೇ ಅತ್ತೆ. ಅಷ್ಟೇ. ನಾನು ಕೆಲಸದಿಂದ ಬರೋದು ತಡ ಆಯ್ತು, ಅಪ್ಪನಿಗೆ ಸುಸ್ತಾಗಿರುತ್ತೆ ಅಂತ ಬಕೆಟ್ಟಿನಲ್ಲಿದ್ದ ಬಟ್ಟೆ ಎಲ್ಲ ತಾನೇ ಜಾಲಿಸಿದ್ಲು. ಏಳು ವರ್ಷದ್ದು, ಹಿಂಡೋಕೆ ಬರುತ್ತಾ? ಕುರ್ಚಿ ಹತ್ತಿ, ಈ ರೂಮಿನ ಹಗ್ಗದ ಮೇಲೆ ಒಂದೊಂದೇ ಹರವಿದ್ಲು. ನನ್ನ ಪ್ಯಾಂಟು, ಅವಳ ಫ್ರಾಕು, ಹಾಸಿಗೆ ಹೊದಿಕೆ. ಕೆಳಗೆ ಮೇಜಿನ ಮೇಲೆ ರೆಕ್ಕೆ. ಬಾಗಿಲು ತೆಗೆದೆ, ತಟ್ ತಟ್ ತಟ್ ಅಂತ ನೀರು ತೊಟ್ಟಿಕ್ತಾ ಇತ್ತು. ಕಾಗದ ಎಲ್ಲ ಕರಗಿ ಜೋತುಬಿದ್ದಿತ್ತು. ಇವಳು ಕುರ್ಚಿ ಮೇಲೆ ನಿಂತು ನಗ್ತಾ, "ಅಪ್ಪಾ, ಎಲ್ಲಾ ನಾನೇ ಮಾಡ್ದೆ!" ಅಂದ್ಲು.

ಆ ಕೈಯೇ ಹಿಡಿದೆ. ಹಿಡಿದು ಎಳೆದೆ, ತಿರುಚಿದೆ, ಕುರ್ಚಿಯಿಂದ ಗೋಡೆಗೆ ಎಸೆದೆ. ಎಸೆದೆ ಅತ್ತೆ. ಬಟ್ಟೆ ಎಸೆದ ಹಾಗೆ. ಆಮೇಲೆ ಗ್ಲೈಡರನ್ನ ಕಾಲಲ್ಲಿ ತುಳಿದೆ, ಮುರಿದೆ, ಮಗು ಅಲ್ಲಿ ಬಿದ್ದು ಕಿರುಚ್ತಾ ಇದ್ರೆ ನಾನು ಇಲ್ಲಿ ಕಡ್ಡಿ ಮುರೀತಾ ಇದ್ದೆ. ಆ ಕಿರುಚಾಟ ಕೇಳಿ ಡ್ರೈವರ್ ಓಡಿ ಬಂದ್ರು. ಅವರ ಬೈಕು ಅಲ್ಲಾಡೇ ಇರ್ಲಿಲ್ಲ, ಬರಿಗಾಲಲ್ಲಿ ಬಂದ್ರು ಮನುಷ್ಯ. ಮಗೂನ ಎತ್ಕೊಂಡು ಬಾಗಿಲ ತನಕ ಹೋದ್ರು. ನಾನು ಅಡ್ಡ ಬಂದೆ. ಅವಳನ್ನ ಇಳಿಸಿ ತಮ್ಮ ಬೆನ್ನ ಹಿಂದೆ ನಿಲ್ಲಿಸ್ಕೊಂಡ್ರು. "ಮಗು ಕಣಪ್ಪಾ ಅದು" ಅಂದ್ರು. ಅಷ್ಟೇ ಅಂದಿದ್ದು. ಬೈಲಿಲ್ಲ, ಕೈ ಎತ್ತಲಿಲ್ಲ. ಒಂದು ಏಟೂ ವಾಪಸ್ ಕೊಡಲಿಲ್ಲ, ನಾನು ಕಾಲರ್ ಹಿಡಿದು ಎಳೆಯೋ ತನಕ ಎರಡು ಕೈ ಹಿಂದೆ ಚಾಚಿ ಇವಳನ್ನ ಹಿಡ್ಕೊಂಡಿದ್ರು ನೋಡಿ, ಬಿಟ್ರೆ ಎಲ್ಲಿ ಅವಳಿಗೆ ಬೀಳುತ್ತೋ ಅಂತ. ಅಂಥವರ ಮೂಗು, ಬಾಯಿ...

ಆಮೇಲೆ ಆಸ್ಪತ್ರೆಗೆ ಹೋಗ್ತಾ ಆಟೋದಲ್ಲಿ ಅವಳಿಗೆ ಹೇಳ್ಕೊಟ್ಟೆ. ಬೈಕ್ ಬಂತು, ನಾನು ಬಿದ್ದೆ. ಇನ್ನೊಂದ್ಸಲ ಹೇಳು. ಬೈಕ್ ಬಂತು, ನಾನು ಬಿದ್ದೆ. ನೋವಲ್ಲಿ ತುಟಿ ನೀಲಿ ಆಗಿತ್ತು, ಆದ್ರೂ ಹೇಳಿದ್ಲು. ಸರಿಯಾಗಿ ಹೇಳ್ದೆನಾ ಅಪ್ಪಾ ಅಂತ ಕೇಳಿದ್ಲು.

ನಿಮಗೆ ಮೊದಲೇ ಗೊತ್ತಿತ್ತಾ? ಅವಳು ಹೇಳಿದ್ಲಾ? ... ಇಲ್ವಾ? ಹೇಳೇ ಇಲ್ವಾ ಅವಳು?

ಎಲ್ಲಿಗೆ? ಅತ್ತೆ, ಎಲ್ಲಿಗೆ ಅವಳನ್ನ ಎತ್ಕೊಂಡು? ಕೆಳಗಿನ ಮನೆಗಾ? ಡ್ರೈವರ್ ಹೆಂಡತಿ ಹತ್ರಾನಾ? ಆಕೆ ಎರಡು ದಿನದಿಂದ ಬಾಗಿಲು ಹಾಕ್ಕೊಂಡು ಅಳ್ತಾ ಇದ್ದಾರೆ... ನಾನೂ ಬರ್ತೀನಿ, ಕಾಲಿಗೆ ಬೀಳ್ತೀನಿ... ಬರಲ್ಲ. ಸರಿ. ಬರಲ್ಲ, ಇಲ್ಲೇ ಗೋಡೆ ಹತ್ರ ನಿಂತಿದ್ದೀನಿ ನೋಡಿ, ನೀವು ಹೋಗಿ. ಮೆಟ್ಟಿಲು ಜೋಪಾನ.

ಅತ್ತೆ... ಹೊರಗಿಂದ ಚಿಲಕ ಹಾಕ್ತಾ ಇದ್ದೀರಾ?

ಹಾಕಿ. ಸ್ವಲ್ಪ ಬಿಗಿ ಅದು, ಬಾಗಿಲನ್ನ ನಿಮ್ಮ ಕಡೆ ಎಳ್ಕೊಂಡು ಹಾಕಿ... ಚಿಲಕ ಇನ್ನೂ ಕೂತಿಲ್ಲ ಅತ್ತೆ, ಇನ್ನೊಂದ್ಸಲ... ಹಾಂ. ಬಿತ್ತು.